ಹುಳಿಯೋ, ಒಗರೋ? ಬಿಸಿಲೂರಿನವರಿಗೆ ಕೆಂಪು–ಬಿಳಿ ವೈನ್ ಆಯ್ಕೆಯ ಮಾರ್ಗದರ್ಶಿ

ನಮ್ಮ ಕಡೆ ‘ವೈನ್ ಶಾಪ್’ ಎಂಬ ಬೋರ್ಡಿನ ಕೆಳಗೆ ವಿಸ್ಕಿ, ರಮ್ಮು, ಬೀರು ಎಲ್ಲ ಸಿಗುತ್ತವೆ; ವೈನ್ ಮಾತ್ರ ಮೇಲಿನ ಕಪಾಟಿನಲ್ಲಿ ಧೂಳು ಹಿಡಿದು ಕೂತಿರುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾವ ಊರಲ್ಲಿ ಕೇಳಿದರೂ ಕೌಂಟರಿನಿಂದ ಬರುವ ಪ್ರಶ್ನೆ ಒಂದೇ: ‘ರೆಡ್ಡಾ, ವೈಟಾ?’ ಗೊತ್ತಿಲ್ಲದವರು ‘ರೆಡ್’ ಅಂದುಬಿಡುತ್ತಾರೆ. ಕೆಂಪಗಿದ್ದದ್ದೇ ಅಸಲಿ ವೈನ್, ಬಿಳಿಯದೇನಿದ್ದರೂ ಶರಬತ್ತಿನ ಜಾತಿ ಎಂಬ ನಂಬಿಕೆಯೂ ಇದೆ. ಕೊನೆಗೆ ಆಗುವುದೇನು? ಮೇ ತಿಂಗಳ ರಾತ್ರಿ, 36 ಡಿಗ್ರಿಯ ಕೋಣೆ, ಬೆಚ್ಚಗಾದ ಕೆಂಪು ವೈನ್, ಪಕ್ಕದಲ್ಲಿ ಮಿರ್ಚಿ ಬಜ್ಜಿ. ಎರಡು ಗುಟುಕಿಗೇ ‘ಇದೇನು ಕಷಾಯ’ ಎಂದು ಬಾಟಲಿ ಮೂಲೆ ಸೇರುತ್ತದೆ. ವೈನ್ ಚೆನ್ನಾಗಿಯೇ ಇತ್ತು. ಹೊತ್ತು, ತಟ್ಟೆ ಎರಡೂ ಅದಕ್ಕೆ ಹೊಂದಲಿಲ್ಲ.

ಬಣ್ಣ ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟು: ಇವತ್ತಿನ ಊಟಕ್ಕೆ ಬೇಕಾದದ್ದು ಹುಳಿಯೋ, ಒಗರೋ? ಬಿಳಿ ವೈನಿನ ಬೆನ್ನೆಲುಬು ಹುಳಿ. ಕೆಂಪು ವೈನಿನ ಬೆನ್ನೆಲುಬು ಒಗರು.

ಸಿಪ್ಪೆಯ ಅಂತರ

ಕಪ್ಪು ದ್ರಾಕ್ಷಿಯೊಂದನ್ನು ಬೆರಳಲ್ಲಿ ಹಿಚುಕಿ ನೋಡಿ. ಹೆಚ್ಚಿನ ತಳಿಗಳಲ್ಲಿ ಒಳಗಿನ ರಸಕ್ಕೆ ಬಣ್ಣವೇ ಇರುವುದಿಲ್ಲ, ಬಣ್ಣವಿರುವುದು ಸಿಪ್ಪೆಯಲ್ಲಿ. ಕೆಂಪು ವೈನಿಗೆ ಸಿಪ್ಪೆ, ಬೀಜ ಸಮೇತ 25ರಿಂದ 30 ಡಿಗ್ರಿಯಲ್ಲಿ ಒಂದೆರಡು ವಾರ ಹುದುಗಿಸುತ್ತಾರೆ. ಬಣ್ಣದ ಜೊತೆಗೆ ಟ್ಯಾನಿನ್ ಕೂಡ ರಸಕ್ಕೆ ಇಳಿಯುತ್ತದೆ. ಬಿಳಿ ವೈನಿಗೆ ಮೊದಲೇ ಹಿಂಡಿ, ಸಿಪ್ಪೆ ತೆಗೆದು, ಬರೀ ರಸವನ್ನು 12ರಿಂದ 18 ಡಿಗ್ರಿಯ ತಂಪಿನಲ್ಲಿ ಹುದುಗಿಸುತ್ತಾರೆ. ತಂಪಿನಲ್ಲಿ ಹುದುಗಿದ್ದರಿಂದ ಹಣ್ಣು, ಹೂವಿನ ನಯವಾದ ವಾಸನೆ ಹಾರಿಹೋಗದೆ ಉಳಿಯುತ್ತದೆ.

ಟ್ಯಾನಿನ್ ಎಂಬುದಕ್ಕೆ ಕನ್ನಡದಲ್ಲಿ ಹೊಸ ಪದ ಕಟ್ಟಬೇಕಾಗಿಲ್ಲ. ನೇರಳೆ ಹಣ್ಣು ತಿಂದಾಗ, ಎಳೆ ಬಾಳೆಕಾಯಿ ಕಚ್ಚಿದಾಗ, ದಾಳಿಂಬೆಯ ಕಾಳಿನ ನಡುವಿನ ಹಳದಿ ಪೊರೆ ಬಾಯಿಗೆ ಸಿಕ್ಕಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಅದೇ ಒಗರು. ನಿಜ ಹೇಳಬೇಕೆಂದರೆ ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಜೊಲ್ಲಿನಲ್ಲಿರುವ ಪ್ರೋಟೀನಿಗೆ ಟ್ಯಾನಿನ್ ಅಂಟಿಕೊಂಡು ಅದರ ಜಾರುತನವನ್ನು ಕಿತ್ತುಕೊಳ್ಳುತ್ತದೆ, ಆಗ ಕೆನ್ನೆಯ ಒಳಭಾಗ ಒರಟೊರಟು ಅನ್ನಿಸುತ್ತದೆ. ಹುಳಿ ಇದಕ್ಕೆ ವಿರುದ್ಧ, ಜೊಲ್ಲು ಸುರಿಸುತ್ತದೆ. ದ್ರಾಕ್ಷಿಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ಹುಣಸೆಯದ್ದೂ ಅದೇ. ಹೀಗಾಗಿ ವೈನಿನ ಹುಳಿ ನಮ್ಮ ನಾಲಿಗೆಗೆ ಹೊಸಬನಲ್ಲ.

ಕೆಂಪು, ಬಿಳಿ ಬೇರೆ ಬೇರೆ ವಂಶ ಎಂದುಕೊಂಡವರಿಗೆ ಒಂದು ವಿಷಯ. ಕೆಂಪಿನ ರಾಜ ಅನ್ನಿಸಿಕೊಂಡ ಕ್ಯಾಬರ್ನೆ ಸೊವಿನ್ಯಾನ್ ಹುಟ್ಟಿದ್ದು ಕ್ಯಾಬರ್ನೆ ಫ್ರಾಂ ಎಂಬ ಕಪ್ಪು ದ್ರಾಕ್ಷಿ ಮತ್ತು ಸೊವಿನ್ಯಾನ್ ಬ್ಲಾಂ ಎಂಬ ಬಿಳಿ ದ್ರಾಕ್ಷಿ ತಾವಾಗಿಯೇ ಕೂಡಿ. 1997ರಲ್ಲಿ ಡಿಎನ್ಎ ಪರೀಕ್ಷೆಯಿಂದ ಇದು ಖಚಿತವಾಯಿತು. ಎರಡರಲ್ಲೂ ಕೆಲವೊಮ್ಮೆ ದೊಣ್ಣೆಮೆಣಸಿನಕಾಯಿ ಹೆಚ್ಚಿದಾಗಿನ ವಾಸನೆ ಬರುತ್ತದೆ. ಅದು ಮನೆತನದ ಗುರುತು.

ಹಾಗಾದರೆ ನಮ್ಮ ತೋಟಗಳ ದ್ರಾಕ್ಷಿಯಿಂದಲೇ ಒಳ್ಳೆಯ ವೈನ್ ಯಾಕಾಗುವುದಿಲ್ಲ? ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್ ಹೊತ್ತಿಗೊಮ್ಮೆ ಚಾಟ್ನಿ ಮಾಡಿ (ಬಳ್ಳಿ ಸವರಿ) ಫೆಬ್ರುವರಿ–ಮಾರ್ಚಿನಲ್ಲಿ ಕೊಯ್ಯುವ ಪದ್ಧತಿ ತಿನ್ನುವ ದ್ರಾಕ್ಷಿ, ವೈನ್ ದ್ರಾಕ್ಷಿ ಎರಡಕ್ಕೂ ಸಮಾನ. ಆದರೆ ಥಾಮ್ಸನ್ ಸೀಡ್‌ಲೆಸ್‌ನಂಥ ತಿನ್ನುವ ತಳಿಯ ಕಾಯಿ ದಪ್ಪ, ಸಿಪ್ಪೆ ತೆಳು, ಬೀಜ ಇಲ್ಲ, ಹುಳಿಯೂ ಸಾಲದು. ವೈನ್ ತಳಿಯ ಕಾಯಿ ಸಣ್ಣದು, ಸಿಪ್ಪೆ ಗಟ್ಟಿ, ಒಳಗೆ ಬೀಜ. ಬಾಯಿಗೆ ಹಾಕಿದರೆ ಉಗುಳಬೇಕು ಅನ್ನಿಸುತ್ತದೆ, ವೈನಿಗೆ ಬೇಕಾದದ್ದು ಅದೇ. ಅಂಥ ತಳಿಗಳೂ ಇಲ್ಲಿ ಬಂದಿವೆ: ಕೊಪ್ಪಳ ಜಿಲ್ಲೆಯ ಗುಡ್ಡಗಳ ನಡುವೆ, ಹಂಪಿ ಹಿಲ್ಸ್ ಎಂದು ಹೆಸರಿಟ್ಟುಕೊಂಡ ಜಾಗದಲ್ಲಿ, ಕೆಆರ್‌ಎಸ್‌ಎಂಎ ಎಸ್ಟೇಟ್ಸ್‌ನವರು ಕ್ಯಾಬರ್ನೆ ಸೊವಿನ್ಯಾನ್, ಸಾಂಜೊವೇಸೆ ಎಂಬ ಇನ್ನೊಂದು ಕೆಂಪು ವೈನ್ ತಳಿ, ಸೊವಿನ್ಯಾನ್ ಬ್ಲಾಂ ಬೆಳೆದು ಅಲ್ಲೇ ವೈನ್ ಮಾಡುತ್ತಾರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ, ದಾಳಿಂಬೆ ಅಗ್ಗಕ್ಕೆ ಸಿಗುತ್ತಿದ್ದವು ಎಂದು ಬರೆದಿಟ್ಟಿದ್ದಾನೆ. ಈ ನೆಲಕ್ಕೆ ದ್ರಾಕ್ಷಿ ಹೊಸದೇನಲ್ಲ.

ಬಾಟಲಿ ಕೊಳ್ಳುವ ಮೊದಲು ಚಹಾಪುಡಿ, ಹುಣಸೆಹಣ್ಣು

ದುಡ್ಡು ಖರ್ಚು ಮಾಡುವ ಮೊದಲು ಅಡುಗೆಮನೆಯಲ್ಲೇ ನಾಲಿಗೆ ಪಳಗಿಸಬಹುದು. ಮೂರು ಗಾಜಿನ ಲೋಟ ಸಾಕು. ಒಂದರಲ್ಲಿ 250 ಮಿ.ಲೀ. ನೀರಿಗೆ ಗೋಲಿ ಗಾತ್ರದ ಹುಣಸೆಹಣ್ಣು ಕಿವುಚಿ ಸೋಸಿಡಿ. ಎರಡನೆಯದರಲ್ಲಿ 150 ಮಿ.ಲೀ. ನೀರಿಗೆ ಎರಡು ಚಮಚ ಚಹಾಪುಡಿ ಹಾಕಿ ಐದು ನಿಮಿಷ ಕುದಿಸಿ ಆರಿಸಿದ ಡಿಕಾಕ್ಷನ್; ಹಾಲೂ ಬೇಡ, ಸಕ್ಕರೆಯೂ ಬೇಡ. ಮೂರನೆಯದು ಬರೀ ನೀರು.

ಹುಳಿನೀರು ಗುಟುಕರಿಸಿ, ಬಾಯಿ ತೆರೆದು ತಲೆ ಕೊಂಚ ಬಗ್ಗಿಸಿ. ನಾಲಿಗೆಯ ಅಕ್ಕಪಕ್ಕ ಜೊಲ್ಲು ಎಷ್ಟು ಬೇಗ, ಎಷ್ಟು ಹೊತ್ತು ಬರುತ್ತದೆ ಎಂಬುದೇ ಹುಳಿಯ ಅಳತೆ. ನೀರಿನಿಂದ ಬಾಯಿ ತೊಳೆದು ಡಿಕಾಕ್ಷನ್ ಗುಟುಕರಿಸಿ, ನಾಲಿಗೆಯನ್ನು ಮೇಲಿನ ಒಸಡಿನ ಮೇಲೆ ಸವರಿ. ಜಾರಬೇಕಾದದ್ದು ತಡೆತಡೆದು ಸರಿಯುತ್ತದೆ. ಅದು ಒಗರಿನ ಅಳತೆ.

ಮುಂದಿನ ಮೂರು ಪ್ರಯೋಗ ಬಿಡಬೇಡಿ, ಕೆಳಗೆ ಬರುವ ಅರ್ಧ ಮಾತು ಇವುಗಳ ಮೇಲೆಯೇ ನಿಂತಿದೆ. ಹುಳಿನೀರಿಗೆ ಒಂದು ಚಮಚ ಸಕ್ಕರೆ ಕಲಸಿ: ಹುಳಿ ಅಷ್ಟೇ ಇದ್ದರೂ ಕಡಿಮೆಯಾದಂತೆ ತೋರುತ್ತದೆ. ಡಿಕಾಕ್ಷನ್‌ಗೆ ಚಿಟಿಕೆ ಉಪ್ಪು ಹಾಕಿ: ಕಹಿ, ಒಗರು ಎರಡೂ ಮೆತ್ತಗಾಗುತ್ತವೆ. ಉಪ್ಪು ಹಾಕದ ಡಿಕಾಕ್ಷನ್ ಸ್ವಲ್ಪ ತೆಗೆದು ಫ್ರಿಜ್ಜಿನಲ್ಲಿಟ್ಟು ಕೊರೆಯುವಷ್ಟು ತಣ್ಣಗೆ ಮಾಡಿ ಕುಡಿಯಿರಿ: ಒಗರು ಇನ್ನಷ್ಟು ಗಡುಸಾಗುತ್ತದೆ.

ಬಿಸಿಲೂರಿನಲ್ಲಿ ಮೊದಲ ಲೆಕ್ಕ ಡಿಗ್ರಿಯದ್ದು

ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು ಎಂಬ ಮಾತು ಯುರೋಪಿನ ಚಳಿ ಮನೆಗಳದ್ದು. ಅಲ್ಲಿಯ ರೂಮು ಎಂದರೆ 16–18 ಡಿಗ್ರಿ. ನಮ್ಮ ರೂಮು ಡಿಸೆಂಬರಿನಲ್ಲೂ ಅಷ್ಟು ಇಳಿಯುವುದು ಕಷ್ಟ. ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ 40 ದಾಟಿದಾಗ ಒಳಗೆ 34–36 ಇರುತ್ತದೆ. ಆ ಶಾಖದಲ್ಲಿ ವೈನಿನ ಆಲ್ಕೋಹಾಲ್ ಮೊದಲು ಮೂಗಿಗೆ ಹೊಡೆಯುತ್ತದೆ, ಹಣ್ಣಿನ ವಾಸನೆ ಅದರ ಹಿಂದೆ ಅಡಗುತ್ತದೆ, ಬಾಯಲ್ಲಿ ಔಷಧಿಯಂತೆ ಅನ್ನಿಸುತ್ತದೆ. ಹೀಗಾಗಿ ಇಲ್ಲಿ ಕೆಂಪು ವೈನೂ ತಣ್ಣಗಾಗಲೇಬೇಕು, ಬಿಳಿಯಷ್ಟಲ್ಲ ಅಷ್ಟೇ. ಕೆಂಪಿಗೆ 15ರಿಂದ 18, ಬಿಳಿಗೆ 8ರಿಂದ 12, ನೊರೆ ಬರುವ ಸ್ಪಾರ್ಕ್ಲಿಂಗಿಗೆ 6ರಿಂದ 8 ಡಿಗ್ರಿ.

‘ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ’ ಎಂಬ ಸಲಹೆ ಎಲ್ಲ ಕಡೆ ಓದಲು ಸಿಗುತ್ತದೆ. 22 ಡಿಗ್ರಿಯ ಮನೆಗೆ ಅದು ಸರಿ. 35 ಡಿಗ್ರಿಯಲ್ಲಿದ್ದ 750 ಮಿ.ಲೀ. ಬಾಟಲಿ ಫ್ರಿಜ್ಜಿನೊಳಗೆ 17ಕ್ಕೆ ಬರಲು ಸುಮಾರು ಎರಡು ಗಂಟೆ ಬೇಕು, 10ಕ್ಕೆ ಇಳಿಯಲು ಮೂರೂವರೆಯಿಂದ ನಾಲ್ಕು ಗಂಟೆ. ಅವಸರವಿದ್ದರೆ ಬಕೆಟ್ಟೇ ಗತಿ: ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು, ಬಾಟಲಿ ಕುತ್ತಿಗೆವರೆಗೆ ಮುಳುಗಬೇಕು. ಬರೀ ಐಸಿನ ತುಂಡುಗಳ ನಡುವೆ ಗಾಳಿ ಉಳಿಯುವುದರಿಂದ ಬಾಟಲಿ ನಿಧಾನ ತಣಿಯುತ್ತದೆ. ನೀರು ಸುತ್ತಲೂ ತಾಕುತ್ತದೆ. ಕೆಂಪಿಗೆ 12–15 ನಿಮಿಷ, ಬಿಳಿಗೆ 25 ನಿಮಿಷ. ಫ್ರೀಜರಿನಲ್ಲಿಟ್ಟು ಮರೆತರೆ ವೈನ್ ಹೆಪ್ಪುಗಟ್ಟಿ ಕಾರ್ಕು ಮೇಲೆದ್ದು ಬರುತ್ತದೆ, ಬಾಟಲಿಯೇ ಸೀಳಿದರೂ ಸೀಳೀತು.

ಶಾಖೋತ್ಪನ್ನ ಸ್ಥಾವರ ಇರುವ ಜಿಲ್ಲೆಗಳಲ್ಲೂ ಕರೆಂಟು ಹೋಗುತ್ತದೆ. ಆಗ ಹಳೆಯ ಉಪಾಯ: ಬಾಟಲಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಗಾಳಿಯಾಡುವ ಕಟ್ಟೆಯ ಮೇಲಿಡುವುದು, ಬಟ್ಟೆ ಒಣಗಿದಂತೆ ನೀರು ಚಿಮುಕಿಸುವುದು. ಹರವಿಯ ನೀರು ತಣ್ಣಗಾಗುವ ನಿಯಮವೇ ಇದು. ನಮ್ಮ ಬೇಸಿಗೆಯ ಒಣಗಾಳಿಯಲ್ಲಿ ಗಂಟೆ ಒಂದೂವರೆ ಗಂಟೆಗೆ ಏಳೆಂಟು ಡಿಗ್ರಿ ಇಳಿದೀತು. ಬಿಳಿಗೆ ಅದು ಸಾಲದು, ಕೆಂಪಿಗೆ ಹೇಗೋ ನಡೆಯುತ್ತದೆ. ಮಳೆಗಾಲದ ತೇವದಲ್ಲಿ ಇದು ಕೆಲಸ ಮಾಡುವುದಿಲ್ಲ.

ಹಾಗೆಂದು ಅತಿ ತಣ್ಣಗೂ ಬೇಡ. ಫ್ರಿಜ್ಜಿನ 4–5 ಡಿಗ್ರಿಯಲ್ಲಿ ರಾತ್ರಿಯಿಡೀ ಕಳೆದ ಬಿಳಿ ವೈನಿಗೆ ವಾಸನೆಯೇ ಇರುವುದಿಲ್ಲ; ಹೊರಗೆ ತೆಗೆದು ಹತ್ತು ನಿಮಿಷ ಬಿಡಿ. ಅಷ್ಟೇ ತಣ್ಣಗಾದ ಕೆಂಪು ವೈನ್ ಹೇಗಿರುತ್ತದೆ ಎಂಬುದಕ್ಕೆ ಕೊರೆಯುವ ಡಿಕಾಕ್ಷನ್ ನೆನಪಿಸಿಕೊಳ್ಳಿ. ಲೋಟಕ್ಕೆ ಸುರಿದದ್ದು ನಮ್ಮ ಕೋಣೆಯಲ್ಲಿ ಬೇಗ ಬಿಸಿಯಾಗುತ್ತದೆ, ಅದಕ್ಕೇ ಒಂದು ಸಲಕ್ಕೆ 75 ಮಿ.ಲೀ.ಗಿಂತ ಹೆಚ್ಚು ಸುರಿಯದಿರುವುದು ಒಳ್ಳೆಯದು. ಬಾಟಲಿ ಬಕೆಟ್ಟಿನಲ್ಲೇ ಇರಲಿ. ವೈನಿಗೆ ಐಸ್ ಹಾಕುವುದು ಪಾಪವೇನಲ್ಲ, ಆದರೆ ಕರಗಿದ ನೀರು ಹುಳಿಯನ್ನೂ ವಾಸನೆಯನ್ನೂ ತೆಳುಮಾಡುತ್ತದೆ. ಬೀಜ ತೆಗೆದ ಹಸಿರು ದ್ರಾಕ್ಷಿಯನ್ನು ಫ್ರೀಜರಿನಲ್ಲಿಟ್ಟು ಐದಾರು ಕಾಳು ಹಾಕಿದರೆ ಆ ತೊಂದರೆ ಇಲ್ಲ.

ಬರೀ ತಣ್ಣಗಿಡುವ ಲೆಕ್ಕ ನೋಡಿದರೆ ಮಾರ್ಚಿನಿಂದ ಜೂನ್‌ವರೆಗೆ ನಮ್ಮ ಜಿಲ್ಲೆಗಳಿಗೆ ಬಿಳಿಯೇ ವಾಸಿ. ಕೆಂಪು ನವೆಂಬರಿನಿಂದ ಫೆಬ್ರುವರಿವರೆಗಿನ ಅತಿಥಿ.

ಲೋಟ ಕೈಗೆ ಬಂದ ಮೇಲೆ

ಸ್ಟೀಲ್ ಲೋಟ ಬೇಡ, ಬಾಯಿ ಅಗಲವಿದ್ದ ಗಾಜಿನ ಲೋಟವೂ ಅಷ್ಟಕ್ಕಷ್ಟೇ. ಹೊಟ್ಟೆ ಅಗಲ, ಬಾಯಿ ಕಿರಿದು ಇರುವ, ಉದ್ದ ಕಾಲಿನ ಗಾಜಿನ ಲೋಟ ಬೇಕು. ವಾಸನೆ ಒಳಗೇ ನಿಲ್ಲುತ್ತದೆ. ವೃತ್ತಿಪರರು ಬಳಸುವ ಐಎಸ್‌ಒ ಅಳತೆಯ ಲೋಟ 215 ಮಿ.ಲೀ. ಹಿಡಿಯುತ್ತದೆ, ಅದಕ್ಕೆ ಸುರಿಯುವುದು 50 ಮಿ.ಲೀ. ಮಾತ್ರ. ಕಾಲು ಹಿಡಿದರೆ ಕೈಯ ಬಿಸಿ ತಾಗುವುದಿಲ್ಲ. ಲೋಟಕ್ಕೆ ಪಾತ್ರೆ ಸೋಪಿನ ವಾಸನೆ ಉಳಿದಿದ್ದರೆ ಎಂಥ ವೈನೂ ಕೆಟ್ಟಂತೆಯೇ, ಬಿಸಿನೀರಲ್ಲಿ ಜಾಲಿಸಿ ಒಣಗಿಸಿ.

ಎಲೆ–ಅಡಿಕೆ, ಗುಟ್ಕಾ ಹಾಕಿಕೊಂಡ ಬಾಯಿಗೆ ಒಂದು ತಾಸು ಬಿಡುವು ಕೊಡಿ. ಅಡಿಕೆಯೇ ಒಗರಿನ ಗಣಿ. ಅದರ ಮೇಲೆ ಕೆಂಪು ವೈನ್ ಕುಡಿದರೆ ಯಾವುದು ಯಾವುದರದ್ದು ಎಂದೇ ತಿಳಿಯುವುದಿಲ್ಲ. ಊದುಬತ್ತಿ, ಮಲ್ಲಿಗೆ ಮಾಲೆ, ಸೆಂಟು ಇವೂ ದೂರ.

ಬಿಳಿ ಹಾಳೆಯ ಮೇಲೆ ಲೋಟ ಓರೆ ಹಿಡಿದು ಅಂಚು ನೋಡಿ. ಎಳೆಯ ಕೆಂಪು ವೈನಿನ ಅಂಚು ನೇರಳೆ. ವಯಸ್ಸಾದಂತೆ ಇಟ್ಟಿಗೆ ಬಣ್ಣ. ಬಿಳಿ ವೈನ್ ಎಳೆಯದಿದ್ದಾಗ ತಿಳಿಹಸಿರು–ಹುಲ್ಲಿನ ಹಳದಿ. ವಯಸ್ಸಾದಂತೆ ಬಂಗಾರ, ಆಮೇಲೆ ಕಂದು. ವಿಚಿತ್ರವೆಂದರೆ ಕೆಂಪು ವಯಸ್ಸಾದಂತೆ ಬಣ್ಣ ಕಳೆದುಕೊಳ್ಳುತ್ತದೆ, ಬಿಳಿ ಬಣ್ಣ ಗಳಿಸುತ್ತದೆ.

ಮೊದಲು ಅಲ್ಲಾಡಿಸದೆ ಒಮ್ಮೆ ಮೂಸಿ. ಆಮೇಲೆ ಲೋಟವನ್ನು ಮೇಜಿನ ಮೇಲಿಟ್ಟುಕೊಂಡೇ ನಾಲ್ಕು ಸುತ್ತು ತಿರುಗಿಸಿ ಮತ್ತೆ ಮೂಸಿ. ಹೆಸರು ಹುಡುಕಲು ಫ್ರಾನ್ಸಿಗೆ ಹೋಗಬೇಕಿಲ್ಲ. ಸೊವಿನ್ಯಾನ್ ಬ್ಲಾಂನಲ್ಲಿ ಪೇರಲೆ, ನಿಂಬೆ, ಆಗಷ್ಟೇ ಕೊಯ್ದ ಹುಲ್ಲು; ಶೆನಿನ್ ಬ್ಲಾಂ ಎಂಬ ಇನ್ನೊಂದು ಬಿಳಿಯಲ್ಲಿ ಕಲ್ಲಂಗಡಿ, ಜೇನು; ಶಿರಾಜ್ ಎಂಬ ಕೆಂಪಿನಲ್ಲಿ ನೇರಳೆ ಮತ್ತು ಕರಿಮೆಣಸು. ಕರಿಮೆಣಸಿನದ್ದು ಕಲ್ಪನೆಯಲ್ಲ, ರೊಟಂಡೋನ್ ಎಂಬ ಒಂದೇ ವಸ್ತು ಮೆಣಸಿನಲ್ಲೂ ಶಿರಾಜ್‌ನಲ್ಲೂ ಇದೆ. ಮರದ ಪೀಪಾಯಿಯಲ್ಲಿಟ್ಟ ವೈನಾದರೆ ಲವಂಗ, ವೆನಿಲಾ, ಸುಟ್ಟ ಕೊಬ್ಬರಿ.

ಒಂದು ಚಮಚೆಯಷ್ಟು ಬಾಯಿಗೆ ಹಾಕಿಕೊಂಡು, ಬಿಸಿ ಚಹಾ ಸುರ್ರೆಂದು ಎಳೆಯುವ ಹಾಗೆ ಕೊಂಚ ಗಾಳಿ ಎಳೆದುಕೊಳ್ಳಿ. ಬಾಯಿತುಂಬ ಹರಡಿ, ಐದು ಸೆಕೆಂಡು ನಿಲ್ಲಿಸಿ. ಜೊಲ್ಲು ಬಂತೋ? ಒಸಡು ಹಿಡಿಯಿತೋ? ಗಂಟಲು ಬೆಚ್ಚಗಾಯಿತೋ? ಕ್ರಮವಾಗಿ ಹುಳಿ, ಒಗರು, ಆಲ್ಕೋಹಾಲ್. ನುಂಗಿದ ಮೇಲೆ ಸವಿ ಎಷ್ಟು ಸೆಕೆಂಡು ಉಳಿಯಿತು ಎಂದು ಎಣಿಸಿ. ನಾಲ್ಕೈದಕ್ಕೇ ಮಾಯವಾದರೆ ಸಾದಾ ವೈನ್, ಹತ್ತು ಹನ್ನೆರಡು ದಾಟಿದರೆ ಒಳ್ಳೆಯದು. ನಾಲ್ಕಾರು ಬಾಟಲಿ ಹೋಲಿಸುವಾಗ ಉಗುಳಲೇಬೇಕು. ಎಲೆ–ಅಡಿಕೆಯ ಸೀಮೆಯಲ್ಲಿ ಉಗುಳುವುದನ್ನು ಯಾರಿಗೂ ಕಲಿಸಬೇಕಿಲ್ಲ. ನಡುನಡುವೆ ಬಾಯಿ ಸ್ವಚ್ಛಕ್ಕೆ ಬ್ರೆಡ್ಡಿಗಿಂತ ಎಳ್ಳು ಹಚ್ಚದ ಕಡಕ್ ಜೋಳದ ರೊಟ್ಟಿ ಒಳ್ಳೆಯದು: ಉಪ್ಪಿಲ್ಲ, ಸಿಹಿಯಿಲ್ಲ. ಬಿಳಿ ಮೊದಲು, ಕೆಂಪು ಆಮೇಲೆ. ಒಗರು ಹಿಡಿದ ಬಾಯಿಗೆ ಬಿಳಿಯ ನಯ ತಿಳಿಯುವುದಿಲ್ಲ.

ಕಣ್ಣನ್ನು ಮಾತ್ರ ಪೂರ್ತಿ ನಂಬಬೇಡಿ. 2001ರಲ್ಲಿ ಪ್ರಕಟವಾದ, ಫ್ರಾನ್ಸಿನ ಬೋರ್ಡೊದ ಒಂದು ಪ್ರಯೋಗದಲ್ಲಿ, ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ವೈನ್ ಓದುತ್ತಿದ್ದ 54 ಮಂದಿಯ ಗುಂಪು ಕೆಂಪು ಹಣ್ಣುಗಳ ಹೆಸರಿಟ್ಟೇ ಅದರ ವಾಸನೆ ವಿವರಿಸಿತು. ಮನೆಯಲ್ಲಿ ಕಣ್ಣಿಗೆ ಟವೆಲ್ ಕಟ್ಟಿ, ಎರಡನ್ನೂ ಒಂದೇ 14 ಡಿಗ್ರಿಯಲ್ಲಿಟ್ಟು ಕೊಟ್ಟು ನೋಡಿ. ಗುರುತು ಹಿಡಿಯುವುದು ಒಸಡಿನಿಂದ.

ತಟ್ಟೆಯಲ್ಲಿ ಏನಿದೆ?

ಒಗ್ಗರಣೆ–ಮಿರ್ಚಿಯಿಂದಲೇ ಶುರುಮಾಡೋಣ, ಸಂಜೆಯ ತಟ್ಟೆ ಎಂದರೆ ಇಲ್ಲಿ ಅದೇ. ಬಿಸಿ ಮಿರ್ಚಿ ಕಚ್ಚಿ, ಹಿಂದೆಯೇ 14 ಪರ್ಸೆಂಟ್ ಆಲ್ಕೋಹಾಲಿನ ಕ್ಯಾಬರ್ನೆ ಒಂದು ಗುಟುಕು ಕುಡಿಯಿರಿ. ಮೊದಲ ಕ್ಷಣ ಏನೂ ಇಲ್ಲ. ಮೂರನೇ ಸೆಕೆಂಡಿಗೆ ಖಾರ ನಾಲಿಗೆಯ ಬದಿಯಿಂದ ಭುಗಿಲ್ಲೆನ್ನುತ್ತದೆ, ಹಣ್ಣಿನ ರುಚಿ ಮಾಯ, ಉಳಿಯುವುದು ಒಗರು ಮತ್ತು ಉರಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಿಯ ಯಾವ ಬಿಸಿ ತಿಳಿಯುವ ನರಗಳನ್ನು ಕೆರಳಿಸುತ್ತದೋ ಆಲ್ಕೋಹಾಲ್ ಕೂಡ ಅವನ್ನೇ ಕೆರಳಿಸುತ್ತದೆ. ಉರಿಯುವ ಚರ್ಮದ ಮೇಲೆ ಒಗರು ಕೆರೆದಂತಾಗುತ್ತದೆ. ಈಗ ಅದೇ ಮಿರ್ಚಿಗೆ 9 ಡಿಗ್ರಿಯ, 12 ಪರ್ಸೆಂಟಿನ, ಲೀಟರಿಗೆ ಹತ್ತಿಪ್ಪತ್ತು ಗ್ರಾಂ ಸಕ್ಕರೆ ಉಳಿದ ಶೆನಿನ್ ಬ್ಲಾಂ ಕುಡಿದು ನೋಡಿ. ಸಿಹಿ ಖಾರವನ್ನು ತಗ್ಗಿಸುತ್ತದೆ, ತಂಪು ನರವನ್ನು ಸುಮ್ಮನಾಗಿಸುತ್ತದೆ, ಹುಳಿ ಕಡಲೆಹಿಟ್ಟಿನ ಎಣ್ಣೆಯನ್ನು ತೊಳೆಯುತ್ತದೆ. ಮಂಡಕ್ಕಿ ಒಗ್ಗರಣೆಗೆ ಹಿಂಡಿದ ನಿಂಬೆಯೂ ಇದರ ಜೊತೆ ಸೇರಿಕೊಳ್ಳುತ್ತದೆ. ಇಲ್ಲಿ ಚರ್ಚೆಯೇ ಇಲ್ಲ, ಬಿಳಿ.

ಖಾರದಲ್ಲೂ ಜಾತಿಗಳಿವೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ತಳಿ ಉರಿಯುವ ಖಾರ. ಬ್ಯಾಡಗಿಯಲ್ಲಿ ಮಾಡಿದ ಎಣ್ಣೆಗಾಯಿ ಕೆಂಪಗೆ ಹೆದರಿಸಿದರೂ ಕೆಂಪು ವೈನಿಗೆ ಒಗ್ಗುತ್ತದೆ. ಬದನೆಕಾಯಿಯೊಳಗಿನ ಶೇಂಗಾ, ಎಳ್ಳು, ಕೊಬ್ಬರಿಯ ಜಿಡ್ಡು ಒಗರನ್ನು ಹೀರಿಕೊಳ್ಳುತ್ತದೆ. ಹುಳಿ ಚುರುಕಿರುವ ಸಾಂಜೊವೇಸೆ ಇದಕ್ಕೆ ಒಳ್ಳೆಯ ಜೋಡಿ, 15 ಡಿಗ್ರಿಯಲ್ಲಿ. ಅದೇ ಎಣ್ಣೆಗಾಯಿ ಗುಂಟೂರು ಪುಡಿಯದಾಗಿದ್ದರೆ ಬಿಳಿಗೆ ವಾಪಸು ಬನ್ನಿ.

ಪುಂಡಿಪಲ್ಯ ಕಠಿಣ ಪರೀಕ್ಷೆ. ಊಟದ ಹುಳಿ ವೈನಿನ ಹುಳಿಗಿಂತ ಹೆಚ್ಚಾದರೆ ವೈನ್ ನೀರುನೀರಾಗುತ್ತದೆ. ಕೆಂಪಾದರೆ ಹಣ್ಣೆಲ್ಲ ಇಳಿದು ಕಬ್ಬಿಣ ನೆಕ್ಕಿದಂತಾಗುತ್ತದೆ. ಪುಂಡಿಪಲ್ಯ, ಹುಣಸೆಯ ಸಾರು, ಮಾವಿನಕಾಯಿ ಚಟ್ನಿ ಇವುಗಳ ಎದುರು ನಿಲ್ಲುವುದು ಸೊವಿನ್ಯಾನ್ ಬ್ಲಾಂ ಒಂದೇ. ಸಾರಿಗೆ ಬೆಲ್ಲ ಬಿದ್ದಿದ್ದರೆ ಲೆಕ್ಕ ಬದಲಾಗುತ್ತದೆ: ಊಟದ ಸಿಹಿ ಒಣ ವೈನನ್ನು (ಡ್ರೈ, ಅಂದರೆ ಸಿಹಿ ಉಳಿಯದ ವೈನನ್ನು) ಇನ್ನಷ್ಟು ಹುಳಿ, ಕಹಿ ಮಾಡುತ್ತದೆ, ಆಗ ಕೊಂಚ ಸಿಹಿ ಉಳಿದ ಬಿಳಿ ಬೇಕು. ಇದೇ ಕಾರಣಕ್ಕೆ ಶೇಂಗಾ ಹೋಳಿಗೆಗೆ ಯಾವ ಒಣ ವೈನೂ ಸಲ್ಲದು.

ಮಟನ್ ಬಂದಾಗ ಕೆಂಪಿನ ಸರದಿ. ಮಾಂಸದ ಪ್ರೋಟೀನು, ಕೊಬ್ಬು, ಉಪ್ಪು ಮೂರೂ ಒಗರನ್ನು ಹಿಡಿದುಹಾಕುತ್ತವೆ. ಜೊಲ್ಲಿನ ಬದಲು ಟ್ಯಾನಿನ್ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಡಿಕಾಕ್ಷನ್‌ಗೆ ಉಪ್ಪು ಹಾಕಿದಾಗ ಆದದ್ದು ಇಲ್ಲೂ ಆಗುತ್ತದೆ. ಕರಿಮೆಣಸಿನ ಮಟನ್ ಸುಕ್ಕಾಗೆ ಶಿರಾಜ್, ಸೀಖ್ ಕಬಾಬಿಗೆ ಕ್ಯಾಬರ್ನೆ. ದಮ್ ಬಿರಿಯಾನಿಗೂ ಶಿರಾಜ್ ನಡೆಯುತ್ತದೆ, ಆದರೆ ಪಕ್ಕದ ಮೊಸರು ರಾಯಿತ ಅದಕ್ಕೆ ಶತ್ರು. ಮೊಸರಿನ ಹುಳಿಯ ಮೇಲೆ ಕೆಂಪು ಸೊರಗುತ್ತದೆ. ಮೊಸರನ್ನ ಬರುವ ಮೊದಲು ಕೆಂಪು ಲೋಟ ಖಾಲಿಯಾಗಿರಲಿ.

ತುಂಗಭದ್ರೆಯ ರೋಹು, ಕಟ್ಲಾ ಹುರಿದಿದ್ದರೆ ಬಿಳಿ. ಮೀನಿಗೆ ಕೆಂಪು ಬೇಡ ಎಂಬುದು ಶಿಷ್ಟಾಚಾರವಲ್ಲ, ರಸಾಯನಶಾಸ್ತ್ರ. ಕೆಂಪು ವೈನಿನಲ್ಲಿ ಸಾಮಾನ್ಯವಾಗಿ ಹೆಚ್ಚಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯ ಜೊತೆ ಸೇರಿ ಹಸಿ ಮೀನಿನ ನಾತ ಎಬ್ಬಿಸುತ್ತದೆ. ಕಬ್ಬಿಣದ ಅದಿರಿನ ಸೀಮೆಯವರಿಗೆ ಆ ತುಕ್ಕಿನ ರುಚಿ ಥಟ್ಟನೆ ಗೊತ್ತಾಗುತ್ತದೆ.

ಹಾಗಲಕಾಯಿ, ಗುರೆಳ್ಳು ಚಟ್ನಿಪುಡಿ: ಕಹಿಗೆ ಒಗರು ಕೂಡುತ್ತದೆ, ಕೆಂಪು ಬೇಡ. ಸಪ್ಪೆ ಬೇಳೆ, ಪನೀರು, ಹುರಿದ ಶೇಂಗಾ: ಯಾವುದಾದರೂ ಆದೀತು.

ಅಂಗಡಿಯಲ್ಲಿ

ಮೊದಲು ಬಾಟಲಿ ಎಲ್ಲಿತ್ತು ನೋಡಿ. ಶೀಟಿನ ಛಾವಣಿಯ ಕೆಳಗೆ, ಟ್ಯೂಬ್‌ಲೈಟಿಗೆ ತಾಗಿಕೊಂಡು, ಬಿಸಿಲು ಬೀಳುವ ಗಾಜಿನ ಹಿಂದೆ ಒಂದು ಬೇಸಿಗೆ ಕಳೆದ ಬಾಟಲಿ ಬೆಂದಿರುತ್ತದೆ. ಎಸಿ ಇರುವ ಮಳಿಗೆಯಲ್ಲಿ, ಮಾಲು ಬೇಗ ಖಾಲಿಯಾಗುವಲ್ಲಿ ಕೊಳ್ಳಿ. ಎಂಆರ್‌ಪಿ ಅಂಗಡಿ, ಎಂಎಸ್‌ಐಎಲ್ ಮಳಿಗೆ ಯಾವುದೇ ಇರಲಿ, ‘ಹೊಸ ಸ್ಟಾಕ್ ಯಾವಾಗ ಬಂತು’ ಎಂದು ಕೇಳುವುದರಲ್ಲಿ ನಾಚಿಕೆ ಬೇಡ. 21 ತುಂಬದವರಿಗೆ ಕೊಡುವಂತಿಲ್ಲ.

ಲೇಬಲ್ಲಿನ ವರ್ಷ ದ್ರಾಕ್ಷಿ ಕೊಯ್ದ ವರ್ಷ. ಬಿಳಿ, ರೋಸೆ (ಗುಲಾಬಿ ಬಣ್ಣದ ವೈನ್) ಆದರೆ ಒಂದೆರಡು ವರ್ಷದೊಳಗಿನದು ತೆಗೆದುಕೊಳ್ಳಿ. ಬಿಸಿ ಸೀಮೆಯಲ್ಲಿ ದ್ರಾಕ್ಷಿ ಮಾಗುವಾಗ ಹುಳಿ ಬೇಗ ಇಳಿಯುತ್ತದೆ. ಇರುವ ಹುಳಿಯ ಚುರುಕು ಎಳೆಯದರಲ್ಲೇ ಹೆಚ್ಚು. ‘ಹಳೆಯದಾದಷ್ಟೂ ಒಳ್ಳೆಯದು’ ಎಂಬ ಮಾತು ಕೆಲವೇ ಕೆಂಪುಗಳಿಗೆ, ಅದೂ 12–14 ಡಿಗ್ರಿಯ ನೆಲಮಾಳಿಗೆ ಇದ್ದವರಿಗೆ. ಸಾದಾ ಕೆಂಪು ಮೂರು–ನಾಲ್ಕು ವರ್ಷದೊಳಗೆ ಮುಗಿಯಲಿ. ಆಲ್ಕೋಹಾಲ್ ಪ್ರಮಾಣವೂ ಲೇಬಲ್ಲಿನಲ್ಲೇ ಇದೆ: ಖಾರದ ಊಟಕ್ಕೆ 12ರ ಆಸುಪಾಸು, ಮಾಂಸಕ್ಕೆ 13–14. ‘ಡ್ರೈ’ ಎಂದರೆ ಲೀಟರಿಗೆ ಸುಮಾರು 4 ಗ್ರಾಂವರೆಗೆ ಸಕ್ಕರೆ, ಅಂದರೆ ನಾಲಿಗೆಗೆ ಸಿಹಿ ತಿಳಿಯದು. ‘ರಿಸರ್ವ್’ ಎಂಬ ಪದ ಹೆಚ್ಚಾಗಿ ಮರದ ಪೀಪಾಯಿಯ ಸುಳಿವು. ಸಣ್ಣ ಅಂಗಡಿಯಲ್ಲಿ ಅದಕ್ಕೆ ಹೆಚ್ಚು ದುಡ್ಡು ಸುರಿಯುವ ಮೊದಲು ಸಂಗ್ರಹದ ಸ್ಥಿತಿ ನೋಡಿ.

ಕಾರ್ಕೋ, ತಿರುಪು ಮುಚ್ಚಳವೋ? ನಮ್ಮ ಕಡೆಗೆ ತಿರುಪು ಮುಚ್ಚಳವೇ ಲೇಸು. ಶಾಖಕ್ಕೆ ಕಾರ್ಕು ಮೇಲೇಳುತ್ತದೆ, ನಿಂತೇ ಇರುವ ಬಾಟಲಿಯಲ್ಲಿ ಒಣಗಿ ಗಾಳಿ ಬಿಡುತ್ತದೆ. ತಿರುಪು ಮುಚ್ಚಳ ಅಗ್ಗದ ಮಾಲಿನ ಗುರುತು ಎಂಬುದು ತಪ್ಪು ತಿಳಿವಳಿಕೆ. ಕಾರ್ಕಿನದೇ ಕೊಂಡರೆ ಹೊದಿಕೆಯ ತುದಿ ಬೆರಳಲ್ಲಿ ಮುಟ್ಟಿ: ಉಬ್ಬಿದ್ದರೆ, ಅಂಟಂಟಾಗಿದ್ದರೆ, ವೈನಿನ ಮಟ್ಟ ಬಾಟಲಿಯ ಭುಜಕ್ಕೆ ಇಳಿದಿದ್ದರೆ ವಾಪಸಿಡಿ.

‘ಪೋರ್ಟ್’ ಎಂದು ಮಾರುವ ಸಿಹಿ ಕೆಂಪುಗಳು ಬೇರೆಯೇ ಕುಲ. ಅವನ್ನು ಕುಡಿದು ‘ಕೆಂಪು ವೈನ್ ಗೊತ್ತು’ ಅನ್ನುವುದು, ಪಾನಕ ಕುಡಿದು ಕಬ್ಬಿನ ಹಾಲು ಗೊತ್ತು ಅಂದಂತೆ.

ಕೆಟ್ಟಿದೆಯೋ, ಇರುವುದೇ ಹಾಗೋ?

ಬಿಳಿ ವೈನಿನ ತಳದಲ್ಲಿ ಕಲ್ಲುಸಕ್ಕರೆಯ ಪುಡಿಯಂಥ ಹರಳು ಕಂಡು ‘ಗಾಜಿನ ಚೂರು’ ಎಂದು ಗಾಬರಿಯಾಗುವವರುಂಟು. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ನಾಲಿಗೆಗಿಟ್ಟರೆ ಹುಣಸೆಯ ಹುಳಿ. ತಂಪಿಗೆ ಟಾರ್ಟಾರಿಕ್ ಆಮ್ಲದ ಲವಣ ಹರಳುಗಟ್ಟಿದೆ, ಅಷ್ಟೇ. ಹಳೆಯ ಕೆಂಪಿನ ತಳದ ಕಪ್ಪು ಗಸಿಯೂ ನಿರಪಾಯ. ಬಾಟಲಿಯನ್ನು ನಾಲ್ಕು ತಾಸು ನಿಲ್ಲಿಸಿ ಮೆಲ್ಲಗೆ ಬಗ್ಗಿಸಿ.

ಬೆಂದ ವೈನ್ ನಮ್ಮಲ್ಲಿ ಸಿಗುವ ಅತಿ ಸಾಮಾನ್ಯ ದೋಷ: ತಾಜಾ ಹಣ್ಣಿನ ಬದಲು ಜಾಮು, ಕುದಿಸಿದ ಒಣದ್ರಾಕ್ಷಿಯ ವಾಸನೆ. ಒದ್ದೆ ರಟ್ಟು, ನೆಂದ ಗೋಣಿಚೀಲದ ವಾಸನೆ ಬಂದರೆ ಕಾರ್ಕಿನ ದೋಷ, ಎಷ್ಟು ಹೊತ್ತು ಬಿಟ್ಟರೂ ಹೋಗುವುದಿಲ್ಲ. ನೇಲ್‌ಪಾಲಿಶ್, ವಿನೆಗರ್ ನಾತವೂ ಹೋಗದು. ಬಿಳಿ ವೈನ್ ಕಂದಾಗಿ, ಕಚ್ಚಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ. ಆದರೆ ಬೆಂಕಿಕಡ್ಡಿ ಗೀರಿದ, ಕೊಳೆತ ಮೊಟ್ಟೆಯ ವಾಸನೆಗೆ ಅವಸರ ಬೇಡ: ತಿರುಪು ಮುಚ್ಚಳದ ಬಾಟಲಿಗಳಲ್ಲಿ ಇದು ಆಗಾಗ ಇರುತ್ತದೆ, ಎತ್ತರದಿಂದ ಜಗ್ಗಿಗೆ ಸುರಿದು ಹತ್ತು ನಿಮಿಷ ಬಿಟ್ಟರೆ ಹಾರಿಹೋಗಬಹುದು.

ತಲೆನೋವಿಗೆ ‘ಕೆಂಪಿನಲ್ಲಿ ಗಂಧಕ ಜಾಸ್ತಿ’ ಎಂದು ದೂರುವುದೂ ಉಲ್ಟಾ. ಯುರೋಪಿನ ಮಿತಿಯ ಪ್ರಕಾರ ಒಣ ಕೆಂಪಿಗೆ ಲೀಟರಿಗೆ 150 ಮಿ.ಗ್ರಾಂ ಸಲ್ಫೈಟ್, ಒಣ ಬಿಳಿಗೆ 200. ಉಬ್ಬಸ ಇದ್ದವರು ಮಾತ್ರ ಎಚ್ಚರ ವಹಿಸಬೇಕು. ಕೆಂಪು ವೈನ್ ಹೃದಯಕ್ಕೆ ಔಷಧಿ ಎಂದು ಯಾರಾದರೂ ಹೇಳಿದರೆ, ಆಲ್ಕೋಹಾಲಿಗೆ ಸುರಕ್ಷಿತ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು ಅವರ ಮುಂದಿಡಿ.

ಎಷ್ಟು, ಮತ್ತು ಉಳಿದದ್ದು

150 ಮಿ.ಲೀ. ಲೋಟದ 13 ಪರ್ಸೆಂಟ್ ವೈನಿನಲ್ಲಿರುವ ಆಲ್ಕೋಹಾಲ್, 30 ಮಿ.ಲೀ. ಲೆಕ್ಕದ ಒಂದೂವರೆ ಪೆಗ್ ವಿಸ್ಕಿಗೆ ಸಮ. ಇಡೀ ಬಾಟಲಿ ಒಬ್ಬರೇ ಮುಗಿಸಿದರೆ ಒಂದು ಕ್ವಾರ್ಟರ್ ವಿಸ್ಕಿಗಿಂತ ಹೆಚ್ಚಾಯಿತು. ‘ವೈನ್ ತಾನೇ’ ಎಂದು ಬೈಕ್ ಹತ್ತುವವರಿಗೆ ಈ ಲೆಕ್ಕ. ನಾಲ್ಕು ಜನರ ಊಟಕ್ಕೆ ಒಂದು ಬಾಟಲಿ ಸಾಕು. ಎರಡು ತೆರೆಯುವುದಿದ್ದರೆ ಒಂದು ಬಿಳಿ, ಒಂದು ಕೆಂಪು ಇರಲಿ, ಮಿರ್ಚಿ ಮುಗಿದ ಮೇಲೆ ಮಟನ್ ಬರುತ್ತದೆ.

ಉಳಿದದ್ದನ್ನು, ಕೆಂಪಿರಲಿ ಬಿಳಿಯಿರಲಿ, ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿ ನಿಲ್ಲಿಸಿ. ಅಡ್ಡ ಮಲಗಿಸಿದರೆ ಗಾಳಿಗೆ ತಾಗುವ ಮೈ ಹೆಚ್ಚುತ್ತದೆ. ಇನ್ನೂ ಒಳ್ಳೆಯದು, ಖಾಲಿ ಕ್ವಾರ್ಟರ್ ಬಾಟಲಿಯನ್ನು ಚೆನ್ನಾಗಿ ತೊಳೆದು ಅಂಚಿನವರೆಗೆ ತುಂಬಿ ಮುಚ್ಚುವುದು. ಬಿಳಿ ಮೂರರಿಂದ ಐದು ದಿನ, ಕೆಂಪೂ ಹೆಚ್ಚುಕಡಿಮೆ ಅಷ್ಟೇ, ನೊರೆಯದ್ದು ಒಂದೆರಡು ದಿನ. ಮೂರನೇ ದಿನದ ಕೆಂಪು ಕೆಲವೊಮ್ಮೆ ಮೊದಲ ದಿನಕ್ಕಿಂತ ಮೆತ್ತಗಿರುತ್ತದೆ, ಬಿಳಿಗೆ ಆ ಯೋಗವಿಲ್ಲ. ಐದನೇ ದಿನ ದಾಟಿದ ಕೆಂಪನ್ನು ಮಟನ್ನಿನ ಮಸಾಲೆ ಹುರಿಯುವಾಗ ಅರ್ಧ ಲೋಟ ಸುರಿದು ಪೂರ್ತಿ ಇಂಗಿಸಿ. ಆ ದಿನ ಟೊಮೆಟೊ ಒಂದು ಕಡಿಮೆ ಹಾಕಿದರೆ ಹುಳಿ ಸರಿಹೋಗುತ್ತದೆ.